ಕಂಸದೊಳಗಿನ ಅಕ್ಷರ

1969ರ ಜುಲೈ ತಿಂಗಳಲ್ಲಿ ಬೆಂಗಳೂರಿನ ಲಾಲ್‌ಬಾಗ್ ಗಾಜಿನ ಮನೆಯಲ್ಲಿ ಅಖಿಲ ಭಾರತ ಕಾಂಗ್ರೆಸ್ ಸಮಿತಿ ಸಭೆ ಸೇರಿತ್ತು. ಪಕ್ಷದ ಅಧ್ಯಕ್ಷರು ನಮ್ಮವರೇ ಆದ ಎಸ್. ನಿಜಲಿಂಗಪ್ಪ, ಪ್ರಧಾನಿ ಇಂದಿರಾ ಗಾಂಧಿ. ಪ್ರಧಾನಿ ತಮ್ಮ ಆರ್ಥಿಕ ಧೋರಣೆಯನ್ನು ಒಂದು ಟಿಪ್ಪಣಿಯಾಗಿ ಬರೆದು ಕಳಿಸಿದರು. ಬಿಡಿಬಿಡಿ ಯೋಚನೆಗಳು ಎಂದು ತಾವೇ ಅದನ್ನು ಕರೆದುಕೊಂಡಿದ್ದರು. ಅವರ ಇಷ್ಟಕ್ಕೆ ವಿರುದ್ಧವಾಗಿ ಪಕ್ಷದ ಪಾರ್ಲಿಮೆಂಟರಿ ಬೋರ್ಡು ನೀಲಂ ಸಂಜೀವ ರೆಡ್ಡಿಯವರನ್ನು ರಾಷ್ಟ್ರಪತಿ ಸ್ಥಾನಕ್ಕೆ ಆರಿಸಿತು. ಅದಾಗಿ ಒಂದು ವಾರದಲ್ಲಿ ಮೊರಾರ್ಜಿ ದೇಸಾಯಿಯವರ ಕೈಯಿಂದ ಹಣಕಾಸು ಖಾತೆ ಹೋಯಿತು, 14 ಬ್ಯಾಂಕುಗಳು ಸರ್ಕಾರದ ಪಾಲಾದವು. ಆಗಸ್ಟಿನಲ್ಲಿ ಆತ್ಮಸಾಕ್ಷಿಯ ಮತದ ಕರೆ, ವಿ.ವಿ. ಗಿರಿಯವರ ಗೆಲುವು. ನವೆಂಬರ್ 12ರಂದು ಪಕ್ಷ ತನ್ನ ಪ್ರಧಾನಿಯನ್ನೇ ಉಚ್ಚಾಟಿಸಿತು. ಹೊರಗೆ ಹೋದವರು ಯಾರು, ಒಳಗೆ ಉಳಿದವರು ಯಾರು ಎಂಬುದು ಮಾತ್ರ ಇತ್ಯರ್ಥವಾಗಲಿಲ್ಲ.

ಅಲ್ಲಿಂದ ಮುಂದೆ ಕಾಂಗ್ರೆಸ್ಸಿನ ಹೆಸರಿಗೆ ಒಂದು ಕಂಸ ಅಂಟಿಕೊಂಡಿತು, ಅದರೊಳಗೆ ಒಂದು ಅಕ್ಷರ. ನಿಜಲಿಂಗಪ್ಪನವರದು ಕಾಂಗ್ರೆಸ್ (ಒ), ಜನರ ಬಾಯಲ್ಲಿ ಸಂಸ್ಥಾ ಕಾಂಗ್ರೆಸ್. ಇಂದಿರಾ ಅವರದು ಕಾಂಗ್ರೆಸ್ (ಆರ್), ಅಂದರೆ ಆಡಳಿತ ಕಾಂಗ್ರೆಸ್. 1978ರಲ್ಲಿ ಅದೂ ಒಡೆದು (ಐ) ಬಂತು. ಮರುವರ್ಷ ದೇವರಾಜ ಅರಸರು ಬೇರೆಯಾಗಿ (ಯು) ಆಯಿತು. ಅರಸರು ಅದನ್ನೂ ಬಿಟ್ಟ ಮೇಲೆ ಉಳಿದವರು (ಎಸ್) ಎಂದು ಬರೆದುಕೊಂಡರು. ಆ ಕಾಲದ ಪತ್ರಿಕೆಗಳಲ್ಲಿ ಮೊಳೆ ಜೋಡಿಸುತ್ತಿದ್ದವರಿಗೆ ಕಂಸಗಳೇ ಸಾಲದೆ ಹೋಗಿರಬೇಕು. ಆ ಒಂದೊಂದು ಅಕ್ಷರದ ಹಿಂದೆ ಜೈಲಿಗೆ ಹೋದವರಿದ್ದರು, ಮನೆ ಮಾರಿಕೊಂಡವರಿದ್ದರು, ಅಣ್ಣತಮ್ಮಂದಿರ ಜೊತೆ ಮಾತು ಬಿಟ್ಟವರಿದ್ದರು. ಈಗ ನಮ್ಮ ರಾಜ್ಯದಲ್ಲಿ ಆ ಕಂಸಗಳಲ್ಲಿ ಒಂದೂ ಉಳಿದಿಲ್ಲ. ಮೂವತ್ತು ವರ್ಷದ ಒಬ್ಬ ವಕೀಲರನ್ನು (ಒ) ಎಂದರೆ ಏನೆಂದು ಕೇಳಿದೆ, ರಕ್ತದ ಗುಂಪು ಎಂದುಕೊಂಡರು.

ಚಿಹ್ನೆಗಳ ಕಥೆ ಇದಕ್ಕಿಂತ ವಿಚಿತ್ರ. 1952ರಿಂದ ನಾಲ್ಕು ಚುನಾವಣೆಗಳಲ್ಲಿ ನಮ್ಮ ಹಳ್ಳಿಗಳವರು ಜೋಡೆತ್ತಿಗೆ ಮತ ಹಾಕಿದ್ದರು. ಎತ್ತು ಎಂದರೆ ಕಾಂಗ್ರೆಸ್, ಕಾಂಗ್ರೆಸ್ ಎಂದರೆ ಸ್ವಾತಂತ್ರ್ಯ ಎನ್ನುವಷ್ಟು ಅದು ಬೇರು ಬಿಟ್ಟಿತ್ತು. ಇಬ್ಭಾಗದ ಜಗಳದಲ್ಲಿ ಎತ್ತು ಇಬ್ಬರಿಗೂ ಸಿಗಲಿಲ್ಲ. 1971ರಲ್ಲಿ ಒಂದು ಬಣ ಹಸು-ಕರು ಹಿಡಿದು ಬಂತು, ಇನ್ನೊಂದು ಚರಕದ ಮುಂದೆ ಕೂತ ಹೆಣ್ಣನ್ನು ತಂದಿತು. ಇಪ್ಪತ್ತು ವರ್ಷದ ನಂಬಿಕೆ ಹೊಸ ಚಿತ್ರಕ್ಕೆ ಸಾಗಲು ಒಂದು ಚುನಾವಣೆ ಸಾಕಾಯಿತು: ಆಗಿನ ಮೈಸೂರು ರಾಜ್ಯದ 27 ಲೋಕಸಭಾ ಸ್ಥಾನಗಳಲ್ಲಿ 27ನ್ನೂ ಹಸು-ಕರು ಮೇಯ್ದಿತು. ಏಳು ವರ್ಷಕ್ಕೆ ಹಸುವೂ ಹೋಯಿತು, ಹಸ್ತ ಬಂತು. ಇದರಲ್ಲಿ ಮತದಾರನ ದಡ್ಡತನವನ್ನು ಕಾಣುವವರಿದ್ದಾರೆ. ನನಗೆ ಕಾಣುವುದು ಅವನ ಒಂದು ಬಗೆಯ ವೈರಾಗ್ಯ. ನಾಯಕರು ಚಿಹ್ನೆಗಾಗಿ ಕೋರ್ಟಿನ ಮೆಟ್ಟಿಲು ಹತ್ತುತ್ತಿದ್ದಾಗ, ಅದು ಬರೀ ಚಿತ್ರ ಎಂಬುದು ಅವನಿಗೆ ಮೊದಲೇ ಗೊತ್ತಿತ್ತು.

ನಮ್ಮ ನಾಡಿನ ಹಳೆಯ ದಾನಶಾಸನಗಳ ನೆತ್ತಿಯಲ್ಲಿ ಸೂರ್ಯ ಚಂದ್ರರನ್ನು ಕೆತ್ತಿರುತ್ತಾರೆ. ಈ ದಾನ ಆಚಂದ್ರಾರ್ಕ ನಡೆಯಲಿ ಎಂಬ ಆಶಯ, ಅಳಿಸಿದವನಿಗೆ ಶಾಪ. ಕೊಟ್ಟ ಅರಸನ ವಂಶ ಮೂರು ತಲೆಮಾರು ಬಾಳದಿದ್ದರೂ ಕಲ್ಲಿನ ಮೇಲಿನ ಭಾಷೆ ಮಾತ್ರ ಸೂರ್ಯ ಚಂದ್ರರದು. ಪ್ರಜಾಪ್ರಭುತ್ವದ ಭಾಷೆ ಇದಕ್ಕೆ ತದ್ವಿರುದ್ಧ. ಐದು ವರ್ಷ ಎಂದು ಮೊದಲೇ ಬರೆದುಕೊಂಡು ಕೂರುವ ಅಧಿಕಾರ ಅದು. ಅಧಿಕಾರ ಅನಿತ್ಯ ಎಂಬುದನ್ನು ವೇದಾಂತಿಗಳು ಹೇಳಿದರು, ರಾಜರು ಕೇಳಿ ತಲೆಯಾಡಿಸಿದರು; ಅದನ್ನು ಕಾನೂನು ಮಾಡಿದ್ದು ಸಂವಿಧಾನ. ಹೀಗಾಗಿ ಇಲ್ಲಿ ಬಣ ಹುಟ್ಟುವುದು ರೋಗವಲ್ಲ. ಇಂದು ಕೂತವರು ನಾಳೆ ಏಳಬೇಕು ಎಂದಾದ ಮೇಲೆ, ಎಬ್ಬಿಸುವವರು ಎಲ್ಲಿಂದಾದರೂ ಬರಲೇಬೇಕು. ಹೆಚ್ಚಿನ ಸಲ ಅವರು ಎದುರು ಪಕ್ಷದಿಂದ ಬರುವುದಿಲ್ಲ, ಪಕ್ಕದ ಕುರ್ಚಿಯಿಂದ ಬರುತ್ತಾರೆ.

ಬಣ ಎಂಬುದು ಒಂದು ವಸ್ತುವಲ್ಲ. ಕೆಲವು ಜನ ಕೆಲವು ಕಾಲ ಒಂದೇ ಕಡೆ ಮುಖ ಮಾಡಿ ನಿಂತಿರುವುದು, ಅಷ್ಟೆ. ಒಬ್ಬನಿಗೆ ಸಿಟ್ಟು, ಇನ್ನೊಬ್ಬನಿಗೆ ತತ್ವ, ಮತ್ತೊಬ್ಬನಿಗೆ ಮಂತ್ರಿಗಿರಿಯ ಆಸೆ, ನಾಲ್ಕನೆಯವನಿಗೆ ಮೂರನೆಯವನ ಮೇಲಿನ ಸ್ನೇಹ. ಇವುಗಳಲ್ಲಿ ಒಂದು ಕಳಚಿದರೂ ಗುಂಪು ಅಲ್ಲಾಡುತ್ತದೆ.

ಎಲ್ಲವೂ ಅನಿತ್ಯ ಎಂದು ಕಲಿಸಿದ ಬುದ್ಧನ ಸಂಘದಲ್ಲೇ ಬಣಗಳಾದವು. ಕೌಶಾಂಬಿಯ ಕಥೆಯನ್ನು ಪಾಳಿ ಪರಂಪರೆ ಬಿಚ್ಚಿಟ್ಟು ಹೇಳುತ್ತದೆ. ಜಗಳದ ಮೂಲ ಕೇಳಿದರೆ ನಗು ಬರುತ್ತದೆ: ಶೌಚದ ಚೊಂಬಿನಲ್ಲಿ ಒಬ್ಬ ಭಿಕ್ಷು ಸ್ವಲ್ಪ ನೀರು ಉಳಿಸಿ ಬಂದ. ಅದು ತಪ್ಪೋ ಅಲ್ಲವೋ? ವಿನಯ ಬಲ್ಲವನ ಶಿಷ್ಯರು ಒಂದು ಕಡೆ, ಧರ್ಮ ಬೋಧಿಸುವವನ ಶಿಷ್ಯರು ಒಂದು ಕಡೆ. ಬಹಿಷ್ಕಾರ, ಪ್ರತಿ ಆರೋಪ, ಕೈಕೈ ಮಿಲಾಯಿಸುವವರೆಗೂ ಹೋಯಿತು. ಬುದ್ಧ ಬಂದು ಬುದ್ಧಿ ಹೇಳಿದರೆ, ತಾವು ಸುಮ್ಮನೆ ನೆಮ್ಮದಿಯಾಗಿರಿ, ಈ ಜಗಳ ನಮಗೆ ಬಿಡಿ ಎಂದರು. ಅವನು ಯಾರಿಗೂ ಹೇಳದೆ ಪಾರಿಲೇಯ್ಯಕ ಕಾಡಿಗೆ ಹೊರಟುಹೋದ. ಆಮೇಲೆ ಊರಿನವರು ಒಂದು ಕೆಲಸ ಮಾಡಿದರು. ಇವರಿಂದಾಗಿ ಬುದ್ಧನೇ ಹೋದನಲ್ಲ ಎಂದು ಎರಡೂ ಬಣಕ್ಕೆ ಭಿಕ್ಷೆ ನಿಲ್ಲಿಸಿದರು, ಎದುರು ಬಂದರೆ ಕೈ ಮುಗಿಯುವುದನ್ನು ಬಿಟ್ಟರು. ಹೊಟ್ಟೆಗಿಲ್ಲದೆ ಭಿಕ್ಷುಗಳು ಶ್ರಾವಸ್ತಿಗೆ ನಡೆದುಹೋಗಿ ರಾಜಿಯಾದರು.

ಕಥೆಯ ಕೊನೆಯಲ್ಲಿ ಇನ್ನೊಂದು ವಿವರವಿದೆ, ನನಗೆ ಬಹಳ ಇಷ್ಟವಾದದ್ದು. ಜಗಳಗಂಟರು ಬರುತ್ತಿದ್ದಾರೆ, ಏನು ಮಾಡಲಿ ಎಂದು ಶ್ರಾವಸ್ತಿಯ ಶ್ರೀಮಂತ ಉಪಾಸಕ ಅನಾಥಪಿಂಡಿಕ ಕೇಳುತ್ತಾನೆ. ಎರಡೂ ಕಡೆಯವರಿಗೆ ದಾನ ಕೊಡು, ಎರಡೂ ಕಡೆಯವರ ಮಾತು ಕೇಳು, ಕೇಳಿದ ಮೇಲೆ ಧರ್ಮವನ್ನು ಆಡುವವರ ಪಕ್ಷ ಹಿಡಿ ಎನ್ನುತ್ತಾನೆ ಬುದ್ಧ. ಬಣವೇ ಇರಬಾರದು ಎಂದು ಅವನು ಹೇಳಲಿಲ್ಲ. 1949ರ ನವೆಂಬರ್ 25ರಂದು ಸಂವಿಧಾನ ಸಭೆಯಲ್ಲಿ ಮಾತಾಡುತ್ತ ಅಂಬೇಡ್ಕರ್ ಅವರು ಭಿಕ್ಷು ಸಂಘಗಳಿಗೆ ಸಂಸತ್ತಿನ ನಡವಳಿಕೆಯೆಲ್ಲ ತಿಳಿದಿತ್ತು ಎಂದು ನೆನಪಿಸಿದ್ದರು: ಗೊತ್ತುವಳಿ, ಕೋರಂ, ವಿಪ್, ಮತ ಎಣಿಕೆ. ವಿಪ್ ಬೇಕಾಯಿತು ಎಂದರೆ ಭಿನ್ನಮತೀಯರೂ ಇದ್ದರು ಎಂದೇ ಅರ್ಥ. ರಾಜಕೀಯದಲ್ಲಿ ಭಕ್ತಿ ಸರ್ವಾಧಿಕಾರಕ್ಕೆ ದಾರಿ ಎಂದು ಅವರು ಎಚ್ಚರಿಸಿದ್ದೂ ಅದೇ ಭಾಷಣದಲ್ಲಿ. ಭಕ್ತಿಗೆ ಮದ್ದು ಭಿನ್ನಮತವಲ್ಲದೆ ಇನ್ನೇನು?

ಅಮೆರಿಕದ ಜೇಮ್ಸ್ ಮ್ಯಾಡಿಸನ್ 1787ರಲ್ಲಿ ಬಣಗಳ ಮೇಲೆ ಒಂದು ಹೆಸರಾಂತ ಪ್ರಬಂಧ ಬರೆದ. ಸ್ವಾತಂತ್ರ್ಯವನ್ನು ಕಿತ್ತುಕೊಂಡರೆ ಬಣಗಳು ಸಾಯುತ್ತವೆ, ಆದರೆ ಆ ಔಷಧ ರೋಗಕ್ಕಿಂತ ಕೆಟ್ಟದ್ದು ಎಂಬುದು ಅವನ ವಾದ. ಬಣ ಅಪಾಯ ಎಂದ ಅದೇ ಮನುಷ್ಯ ಕೆಲವೇ ವರ್ಷದಲ್ಲಿ ಜೆಫರ್ಸನ್ ಜೊತೆ ಸೇರಿ ಒಂದು ಪಕ್ಷ ಕಟ್ಟಿದ. ಅವನ ಜೀವಿತಾವಧಿಯಲ್ಲೇ ಅದೂ ಕರಗಿಹೋಯಿತು.

ಕರಗಿದ್ದು ಏನನ್ನು ಬಿಟ್ಟುಹೋಯಿತು ಎಂಬುದೇ ನನ್ನ ಪ್ರಶ್ನೆ. ದೇವರಾಜ ಅರಸರನ್ನೇ ತೆಗೆದುಕೊಳ್ಳಿ. 1969ರಲ್ಲಿ ರಾಜ್ಯದ ದೊಡ್ಡ ನಾಯಕರೆಲ್ಲ ನಿಜಲಿಂಗಪ್ಪನವರ ಬೆನ್ನಿಗಿದ್ದರು. ಮುಖ್ಯಮಂತ್ರಿ ವೀರೇಂದ್ರ ಪಾಟೀಲರೂ ಅಲ್ಲೇ. ಪ್ರಬಲ ಸಮುದಾಯಗಳ ಬಲವೂ ಹೆಚ್ಚಾಗಿ ಆ ಕಡೆಗೇ. ಇಂದಿರಾ ಬಣದ ಹೊಣೆ ಹೊತ್ತ ಅರಸರ ಬಳಿ ಕೈ ಎತ್ತುವ ಜನವೇ ಕಡಿಮೆ. ಆದ್ದರಿಂದ ಅವರು ಅಲ್ಲಿಯವರೆಗೆ ಯಾರೂ ಕರೆಯದವರನ್ನು ಕರೆದರು. 1972ರಲ್ಲಿ ಮುಖ್ಯಮಂತ್ರಿಯಾದರು, ಅದೇ ವರ್ಷ ಹಿಂದುಳಿದ ವರ್ಗಗಳಿಗಾಗಿ ಹಾವನೂರು ಆಯೋಗ ನೇಮಿಸಿದರು, 1974ರಲ್ಲಿ ಭೂಸುಧಾರಣೆ ಕಾನೂನಿಗೆ ಹಲ್ಲು ಕೊಟ್ಟರು. ಇದರಲ್ಲಿ ಎಷ್ಟು ಕಳಕಳಿ, ಎಷ್ಟು ಲೆಕ್ಕಾಚಾರ ಎಂದು ಪಂಡಿತರು ಇನ್ನೂ ಜಗಳವಾಡುತ್ತಾರೆ. ನನಗೆ ಆ ಜಗಳ ಬೇಡ. ಬಣದ ಹಸಿವೂ ಕೆಲವೊಮ್ಮೆ ನ್ಯಾಯದ ಕೆಲಸ ಮಾಡಿಸುತ್ತದೆ.

ಮಲೆನಾಡಿನ ಒಂದು ಮನೆಯಲ್ಲಿ ಆ ಕಾಲದ ಕಾಗದವನ್ನು ಕೈಯಲ್ಲಿ ಹಿಡಿದು ನೋಡಿದ್ದೇನೆ. ಟ್ರಂಕಿನ ತಳದಲ್ಲಿ, ಮದುವೆಯ ಸೀರೆಯ ಕೆಳಗೆ, ಪ್ಲಾಸ್ಟಿಕ್ ಕವರಿನಲ್ಲಿ ಮಡಚಿಟ್ಟ ಗೇಣಿದಾರರ ಅರ್ಜಿಯಾದ ಏಳನೇ ನಂಬರ್ ಫಾರಮ್ಮಿನ ನಕಲು, ಜೊತೆಗೆ ಭೂ ನ್ಯಾಯಮಂಡಳಿಯ ಆದೇಶ. ಸರ್ವೆ ನಂಬರು, ಎಕರೆ, ಗುಂಟೆ, ಒಡೆಯರ ಹೆಸರು, ಕೊಡುತ್ತಿದ್ದ ಗೇಣಿ. ಮಡಿಕೆಯ ಗೆರೆಯಲ್ಲಿ ಅಕ್ಷರ ಹೋಗಿ, ಗುಂಟೆ ಎಷ್ಟೆಂಬುದು ಕಾಣುತ್ತಿರಲಿಲ್ಲ. ಸಹಿ ಜಾಗದಲ್ಲಿ ಹೆಬ್ಬೆಟ್ಟು.

“ಇದ್ಯಾರ ಕಾಲದ್ದು ಗೊತ್ತಾ ಅಜ್ಜಿ?” ಎಂದೆ.

“ಗೊತ್ತಿಲ್ದೆ ಏನು? ಅರಸು ಕಾಲದ್ದು. ನಮ್ಮನೆಯವ್ರು ಅರ್ಜಿ ಕೊಡೂಕೆ ಹೆದರಿದ್ರು. ಒಡೇರ ಮಗನೇ ಎದುರು ಪಾರ್ಟಿಲಿದ್ದ. ಆ ಸಿಟ್ಟಿಗೇ ಈ ಪಾರ್ಟಿಯೋರು ಬಂದು ಅರ್ಜಿ ಬರ್ದು ಕೊಟ್ರು.”

ಆ ಮಾತಿನಲ್ಲಿ ರಾಜ್ಯಶಾಸ್ತ್ರದ ಒಂದು ಪಾಠವಿತ್ತು. ಅರ್ಜಿ ಬರೆದುಕೊಟ್ಟವನಿಗೆ ಅಜ್ಜಿಯ ಮೇಲೆ ಪ್ರೀತಿ ಇತ್ತೋ ಇಲ್ಲವೋ, ಒಡೆಯರ ಮಗನ ಮೇಲೆ ಸಿಟ್ಟಂತೂ ಇತ್ತು. ಸಿಟ್ಟು ಹೋಯಿತು, ಇಬ್ಬರೂ ಹೋದರು, ಪಹಣಿಯಲ್ಲಿ ಹೆಸರು ಉಳಿಯಿತು.

ಉಳಿಯಿತು ಎಂದೆ, ಅದೂ ಪೂರ್ತಿ ನಿಜವಲ್ಲ. ಮೊಮ್ಮಕ್ಕಳು ಅರ್ಧ ಜಮೀನು ಮಾರಿದ್ದಾರೆ. ಕೃಷಿಕರಲ್ಲದವರು ಕೃಷಿ ಭೂಮಿ ಕೊಳ್ಳದಂತೆ ಅದೇ ಕಾಯಿದೆಯಲ್ಲಿದ್ದ ತಡೆಯನ್ನು 2020ರ ತಿದ್ದುಪಡಿ ತೆಗೆದುಹಾಕಿತು. ಹಾಗಿದ್ದರೂ ಬಣದ ಅನಿತ್ಯಕ್ಕೂ ಈ ಕಾಗದದ ಅನಿತ್ಯಕ್ಕೂ ವ್ಯತ್ಯಾಸವಿದೆ. ಅರಸರ ಕಾಂಗ್ರೆಸ್ (ಯು) ಎಷ್ಟು ಬೇಗ ಹೋಯಿತು ನೋಡಿ. 1980ರ ಜನವರಿಯ ಲೋಕಸಭಾ ಚುನಾವಣೆಯಲ್ಲಿ ರಾಜ್ಯದ 28ರಲ್ಲಿ 27 ಸ್ಥಾನ ಇಂದಿರಾ ಕಾಂಗ್ರೆಸ್ಸಿಗೆ ಹೋದವು. ಫಲಿತಾಂಶ ಬಂದದ್ದೇ ತಡ, ಅರಸರ ಹಿಂದಿದ್ದ ಶಾಸಕರು ಸಾಲುಗಟ್ಟಿ ಆಚೆ ನಡೆದರು. ವಿಧಾನಸಭೆಗೆ ಚುನಾವಣೆಯೇ ಆಗಲಿಲ್ಲ. 1978ರಲ್ಲಿ ಅರಸರ ನಾಯಕತ್ವದಲ್ಲಿ ಗೆದ್ದು ಬಂದ ಅದೇ ಸಭೆ, ಅವೇ ಕುರ್ಚಿಗಳು, ಗುಂಡೂರಾಯರು ಮುಖ್ಯಮಂತ್ರಿ. ಅರಸರು 1982ರ ಜೂನ್‌ನಲ್ಲಿ ತೀರಿಕೊಂಡರು. ಅವರ ಬಣ ಬಾಳಿದ್ದಕ್ಕಿಂತ ಆ ಹೆಬ್ಬೆಟ್ಟಿನ ಗುರುತು ಹೆಚ್ಚು ಕಾಲ ಬಾಳಿತು.

ಲವ-ಕುಶರ ವಿಷಯ ಹೇಳದೆ ಮುಂದೆ ಹೋಗಲಾರೆ. ನಿಜಲಿಂಗಪ್ಪನವರ ಶಿಷ್ಯರಾದ ವೀರೇಂದ್ರ ಪಾಟೀಲ, ರಾಮಕೃಷ್ಣ ಹೆಗಡೆ ಇಬ್ಬರನ್ನೂ ಕರ್ನಾಟಕ ಹಾಗೆಯೇ ಕರೆಯುತ್ತಿತ್ತು. ಇಬ್ಬರೂ ಸಂಸ್ಥಾ ಕಾಂಗ್ರೆಸ್ಸು, ಆಮೇಲೆ ಇಬ್ಬರೂ ಜನತಾ. 1978ರ ಚಿಕ್ಕಮಗಳೂರು ಉಪಚುನಾವಣೆಯಲ್ಲಿ ಇಂದಿರಾ ಅವರ ಎದುರು ನಿಂತು ಸೋತವರು ವೀರೇಂದ್ರ ಪಾಟೀಲರೇ. ಮುಂದೆ ಅವರು ಆ ಇಂದಿರಾ ಅವರ ಪಕ್ಷಕ್ಕೇ ಹೋದರು. 1989ರಲ್ಲಿ ಅದಕ್ಕೆ ಭಾರಿ ಬಹುಮತ ತಂದುಕೊಟ್ಟು ಮುಖ್ಯಮಂತ್ರಿಯಾದರು, ಒಂದು ವರ್ಷ ತುಂಬುವ ಮೊದಲೇ ಹೈಕಮಾಂಡ್ ಅವರನ್ನು ಇಳಿಸಿತು. ಹೆಗಡೆಯವರು 1983ರಲ್ಲಿ ರಾಜ್ಯದ ಮೊದಲ ಕಾಂಗ್ರೆಸ್ಸೇತರ ಮುಖ್ಯಮಂತ್ರಿಯಾದರು, ಜನತಾದಳ ಕಟ್ಟಿದವರಲ್ಲಿ ಒಬ್ಬರಾದರು, 1996ರಲ್ಲಿ ಅದರಿಂದಲೇ ಉಚ್ಚಾಟಿತರಾಗಿ ಮುಂದೆ ಲೋಕಶಕ್ತಿ ಸ್ಥಾಪಿಸಿದರು. ಜನತಾ ಪರಿವಾರದ ಉಳಿದ ಒಡಕುಗಳನ್ನು ಬರೆಯಹೊರಟರೆ ಈ ಪತ್ರಿಕೆಯ ಪುಟ ಸಾಲದು. 1999ರಲ್ಲಿ ದಳ ಒಡೆದಾಗ ಚಕ್ರದ ಚಿಹ್ನೆಯೂ ಜೋಡೆತ್ತಿನ ದಾರಿ ಹಿಡಿಯಿತು.

ಆ ಪರಿವಾರದ ಒಳಜಗಳವೇ ದೇಶಕ್ಕೆ ಒಂದು ಆಸ್ತಿ ಕೊಟ್ಟಿತು ಎಂದರೆ ಕೆಲವರಿಗೆ ನಗು ಬರಬಹುದು. 1989ರ ಏಪ್ರಿಲ್‌ನಲ್ಲಿ ಎಸ್.ಆರ್. ಬೊಮ್ಮಾಯಿ ಸರ್ಕಾರಕ್ಕೆ ಬೆಂಬಲವಿಲ್ಲ ಎನ್ನುವ 19 ಶಾಸಕರ ಪತ್ರಗಳು ರಾಜ್ಯಪಾಲರ ಮೇಜಿಗೆ ಹೋದವು. ಅವರಲ್ಲಿ ಕೆಲವರು ಮರುದಿನವೇ ನಮ್ಮ ಸಹಿಯನ್ನು ಮೋಸದಿಂದ ತೆಗೆದುಕೊಂಡರು, ನಾವು ಬೊಮ್ಮಾಯಿಯವರ ಜೊತೆಗೇ ಇದ್ದೇವೆ ಎಂದರು. ಸದನದಲ್ಲಿ ಬಲ ತೋರಿಸಲು ಅವಕಾಶ ಕೊಡಿ ಎಂದು ಮುಖ್ಯಮಂತ್ರಿ ಕೇಳಿಕೊಂಡರೂ ಸರ್ಕಾರ ವಜಾ ಆಯಿತು. ಐದು ವರ್ಷದ ಮೇಲೆ, 1994ರ ಮಾರ್ಚ್ 11ರಂದು, ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ ತೀರ್ಪು ಕೊಟ್ಟಿತು: ಬಹುಮತ ಇದೆಯೋ ಇಲ್ಲವೋ ಎಂಬುದು ತೀರ್ಮಾನವಾಗಬೇಕಾದ ಜಾಗ ಸದನ, ರಾಜಭವನದ ಕೋಣೆಯಲ್ಲ. ಬೊಮ್ಮಾಯಿಯವರಿಗೆ ಕುರ್ಚಿ ಮರಳಿ ಸಿಗಲಿಲ್ಲ. ಪತ್ರ ಬರೆದವರ ಹೆಸರು ಇವತ್ತು ಯಾರಿಗೂ ನೆನಪಿಲ್ಲ. ಆದರೆ ಯಾವ ರಾಜ್ಯದಲ್ಲಿ ಸರ್ಕಾರ ಅಲ್ಲಾಡಿದರೂ ವಕೀಲರ ಬಾಯಲ್ಲಿ ಮೊದಲು ಬರುವುದು ಬೊಮ್ಮಾಯಿ ಪ್ರಕರಣ.

ಈ ಅನಿತ್ಯವನ್ನು ಕಾನೂನಿನಿಂದ ನಿಲ್ಲಿಸಬಹುದು ಎಂಬ ನಂಬಿಕೆ 1985ರದು. 1967ರಲ್ಲಿ ಹರಿಯಾಣದ ಗಯಾ ಲಾಲ್ ಹದಿನೈದು ದಿನದಲ್ಲಿ ಮೂರು ಸಲ ಪಕ್ಷ ಬದಲಿಸಿ ಗಾದೆಯಾಗಿಹೋಗಿದ್ದ. ಅಂಥವರ ಕಾಲಿಗೆ ಹಗ್ಗ ಹಾಕಲು ಸಂವಿಧಾನಕ್ಕೆ ಹತ್ತನೇ ಅನುಸೂಚಿ ಬಂತು. ಮೂರನೇ ಒಂದು ಭಾಗ ಹೊರಟರೆ ಅದು ಒಡಕು, ತಪ್ಪಲ್ಲ. ಅದಕ್ಕಿಂತ ಕಡಿಮೆ ಹೊರಟರೆ ಅದು ಪಕ್ಷಾಂತರ. ಆತ್ಮಸಾಕ್ಷಿಗೆ ಮೂರನೇ ಒಂದರ ಲೆಕ್ಕ ಹೇಗೆ ಬಂತೋ ಕಾಣೆ. 2003ರಲ್ಲಿ ಆ ಬಾಗಿಲನ್ನೂ ಮುಚ್ಚಿದರು; ಈಗ ಮೂರನೇ ಎರಡು ಭಾಗ ಸೇರಿ ವಿಲೀನವಾದರೆ ಮಾತ್ರ ಮಾಫಿ. ಉದ್ದೇಶ ಒಳ್ಳೆಯದೇ. ಆದರೆ ಅದರ ಪರಿಣಾಮವಾಗಿ ಪಕ್ಷದ ಒಳಗೇ ನಿಂತು ಇದು ಸರಿಯಲ್ಲ ಎಂದು ಮತ ಹಾಕುವ ಶಾಸಕನಿಗೆ ಜಾಗವಿಲ್ಲದಂತಾಯಿತು. ಹೋಗಲೇಬೇಕು ಎಂದವನು ದಾರಿ ಕಂಡುಕೊಂಡ. ಆ ದಾರಿ ಕಡಿದುಕೊಟ್ಟದ್ದು ನಮ್ಮ ರಾಜ್ಯವೇ: ಪಕ್ಷ ಬಿಡಬೇಡ, ಶಾಸಕತ್ವವನ್ನೇ ಬಿಡು, ಉಪಚುನಾವಣೆಯಲ್ಲಿ ಇನ್ನೊಂದು ಚಿಹ್ನೆ ಹಿಡಿದು ಬಾ. 2008ರಲ್ಲಿ ಬಿಜೆಪಿ 110 ಸ್ಥಾನ ಗೆದ್ದು, ಬಹುಮತಕ್ಕೆ ಮೂರು ಕೊರತೆಯಾದಾಗ ಶುರುವಾದ ಆ ಪದ್ಧತಿಗೆ ಆಪರೇಷನ್ ಕಮಲ ಎಂಬ ಹೆಸರು ಬಿತ್ತು. 2019ರಲ್ಲಿ 17 ಶಾಸಕರು ಅನರ್ಹರಾದರು. ಸುಪ್ರೀಂ ಕೋರ್ಟು ಅನರ್ಹತೆಯನ್ನು ಎತ್ತಿಹಿಡಿದೂ ಮತ್ತೆ ಸ್ಪರ್ಧಿಸಲು ಬಿಟ್ಟಿತು. ಡಿಸೆಂಬರಿನ 15 ಉಪಚುನಾವಣೆಗಳಲ್ಲಿ 12 ಬಿಜೆಪಿಗೆ ಹೋದವು.

ಬಣ ಒಡೆಯುವ ಹೊತ್ತಿಗೆ ಶಾಸಕರು ಒಟ್ಟಾಗಿ ರೆಸಾರ್ಟಿಗೆ ಹೋಗುವುದೇ ಪಾಪ ಎಂದು ನಾನು ಹೇಳುವುದಿಲ್ಲ. 1984ರಲ್ಲಿ ಆಂಧ್ರಪ್ರದೇಶದ ಎನ್.ಟಿ. ರಾಮರಾವ್ ಅವರ ಸರ್ಕಾರವನ್ನು ವಜಾ ಮಾಡಿದಾಗ ಅವರ ಶಾಸಕರನ್ನು ಕರ್ನಾಟಕಕ್ಕೆ ಕರೆತಂದು ಕಾಪಾಡಿದ್ದರು. ತಿಂಗಳೊಪ್ಪತ್ತಿನಲ್ಲಿ ರಾಮರಾವ್ ಮರಳಿ ಗದ್ದುಗೆಗೆ ಬಂದರು. ನನ್ನ ತಕರಾರು ಬೇರೆ. 1969ರ ಜಗಳದಲ್ಲಿ ಕೋಪತಾಪ, ಕುತಂತ್ರ ಎಲ್ಲ ಇದ್ದವು, ಜೊತೆಗೆ ಬ್ಯಾಂಕು ಯಾರ ಕೈಯಲ್ಲಿರಬೇಕು ಎಂಬ ಪ್ರಶ್ನೆಯೂ ಇತ್ತು. ಅರಸರ ಬಣಕ್ಕೆ ಗೇಣಿದಾರನ ಪ್ರಶ್ನೆ ಇತ್ತು, ಹೆಗಡೆಯವರ ಸರ್ಕಾರದಲ್ಲಿ ಅಬ್ದುಲ್ ನಜೀರ್ ಸಾಬ್ ಅವರು ಪಂಚಾಯಿತಿಗೆ ಅಧಿಕಾರ ಇಳಿಸುವ ಹಟ ಹಿಡಿದಿದ್ದರು. ಇತ್ತೀಚಿನ ಬಣಗಳನ್ನು ಕೇಳಿದರೆ ಕ್ಷೇತ್ರದ ಅಭಿವೃದ್ಧಿ ಎಂಬ ಒಂದೇ ಉತ್ತರ, ಎಲ್ಲರ ಬಾಯಲ್ಲೂ ಅದೇ, ಯಾವ ಕ್ಷೇತ್ರಕ್ಕೆ ಅಂಟಿಸಿದರೂ ಅಂಟುತ್ತದೆ. ಇವೂ ಕರಗುತ್ತವೆ, ಕರಗಲೇಬೇಕು. ಆದರೆ ಟ್ರಂಕಿನ ತಳಕ್ಕೆ ಸೇರುವಂಥ ಒಂದು ಹಾಳೆಯನ್ನೂ ಇವು ಹುಟ್ಟಿಸುತ್ತಿಲ್ಲ.

ಕೆಳಗೆ ಗ್ರಾಮ ಪಂಚಾಯಿತಿಗೆ ಬಂದರೆ ನೋಟ ಬದಲಾಗುತ್ತದೆ. ಅಲ್ಲಿ ಕಾನೂನಿನ ಪ್ರಕಾರ ಪಕ್ಷದ ಚಿಹ್ನೆಯೇ ಇಲ್ಲ, ಇರುವುದೆಲ್ಲ ಬಣ. ಸಮಾಜಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸ್ 1948ರಲ್ಲಿ ಮೈಸೂರು ಸೀಮೆಯ ಒಂದು ಹಳ್ಳಿಯಲ್ಲಿ ಇದ್ದು ಬರೆದ ಪುಸ್ತಕದಲ್ಲಿ ವರ್ಗ ಮತ್ತು ಬಣಗಳ ಮೇಲೆ ಒಂದು ಅಧ್ಯಾಯವಿದೆ. 1970ರಲ್ಲಿ ಸ್ಟ್ಯಾನ್‌ಫರ್ಡ್‌ನಲ್ಲಿ ಅವರು ವರ್ಷಗಟ್ಟಲೆ ಅಣಿಮಾಡಿದ ಟಿಪ್ಪಣಿಗಳು ಬೆಂಕಿಗೆ ಆಹುತಿಯಾದವು. ನೆನಪಿನಿಂದಲೇ ಬರೆದು 1976ರಲ್ಲಿ ಪ್ರಕಟಿಸಿದರು. ಸುಟ್ಟದ್ದರಲ್ಲಿ ಏನೇನಿತ್ತೋ, ಹಳ್ಳಿಯ ಜಗಳಗಳು ಮಾತ್ರ ಅವರ ನೆನಪಿನಿಂದ ಹೋಗಿರಲಿಲ್ಲ.

ನಮ್ಮ ಕಡೆಯ ಒಂದು ಊರಲ್ಲಿ ಅಣ್ಣ ತಮ್ಮ ಇಬ್ಬರೂ ಇಪ್ಪತ್ತು ವರ್ಷದಿಂದ ಎದುರು ಬದುರು ಬಣ. ಜಾತ್ರೆಯಲ್ಲಿ ಒಬ್ಬ ಕೈ ಹಾಕಿದ ತೇರಿನ ಹಗ್ಗವನ್ನು ಇನ್ನೊಬ್ಬ ಮುಟ್ಟುವುದಿಲ್ಲ. ಮನೆಯೊಳಗೆ ಒಂದೇ ಒಲೆ, ಒಟ್ಟಿಗೇ ಊಟ. ಯಾವ ಬಣ ಗೆದ್ದರೂ ಮನೆ ಮುಂದಿನ ಚರಂಡಿ ಕೆಲಸ ನಿಲ್ಲಬಾರದಲ್ಲ. ಹೀಗಿರುವಾಗ ತಮ್ಮನ ವಾರ್ಡು ಮಹಿಳಾ ಮೀಸಲಾಯಿತು. ಪಂಚಾಯಿತಿಯಲ್ಲಿ ಹೆಂಗಸರಿಗೆ ಕಾಲು ಭಾಗ ಸ್ಥಾನ ಎಂದು ಮೊದಲು ಬರೆದದ್ದು ಹೆಗಡೆ ಸರ್ಕಾರದ 1983ರ ಕಾನೂನು. ಈಗ ಅರ್ಧಕ್ಕೆ ಏರಿದೆ. ತಮ್ಮ ತನ್ನ ಹೆಂಡತಿಯನ್ನು ನಿಲ್ಲಿಸಿದ, ಸಹಿ ಹಾಕುವುದು ಅವಳು, ಸಭೆಗೆ ಹೋಗುವುದು ನಾನು ಎಂಬ ಏರ್ಪಾಡಿನಲ್ಲಿ. ಮೊದಲ ವರ್ಷ ಹಾಗೇ ನಡೆಯಿತು. ಎರಡನೇ ವರ್ಷ ಅಧ್ಯಕ್ಷರ ಮೇಲೆ ಅವಿಶ್ವಾಸ ಬಂದಾಗ ಗಂಡ ಹೇಳಿದ ಕಡೆ ಅವಳು ಕೈ ಎತ್ತಲಿಲ್ಲ, ಭಾವನ ಕಡೆಗೂ ಎತ್ತಲಿಲ್ಲ. ನೀರಿನ ಟ್ಯಾಂಕಿನ ಬಿಲ್ಲು ತೋರಿಸಿ, ಆಮೇಲೆ ಮತ ಕೇಳಿ ಎಂದು ಕೂತಳು. ಅವಳ ಜೊತೆ ಇನ್ನಿಬ್ಬರು ಹೆಂಗಸರು ಕೂತರು. ಈಗ ಊರಿನಲ್ಲಿ ಮೂರು ಬಣ. ಮೂರನೆಯದಕ್ಕೆ ಇನ್ನೂ ಹೆಸರು ಬಿದ್ದಿಲ್ಲ. ಅಣ್ಣ ತಮ್ಮ ಇಬ್ಬರೂ ಅದನ್ನು ಮುರಿಯಲು ಮೊದಲ ಬಾರಿಗೆ ಒಂದಾಗಿದ್ದಾರೆ.